ಕಮಾಕುರಾ ಪ್ರವಾಸದಲ್ಲಿನ ಸೇವಾ ನ್ಯೂನತೆ: ದೂರು ಹಾಗೂ ಹಣ ಮರುಪಾವತಿಯ ಕೋರಿಕೆ

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ (ವಿದೇಶ ಪ್ರವಾಸ),
ಬೆಂಗಳೂರು.

ವಿಷಯ: ಜಪಾನ್ ಪ್ರವಾಸದ ಅಂಗವಾಗಿ ಮಾರಲಾದ ‘ಪೂರ್ಣ ದಿನದ ಕಮಾಕುರಾ ದರ್ಶನ’ವನ್ನು ಒದಗಿಸದಿರುವ ಬಗ್ಗೆ.

ಮಾನ್ಯರೇ,

ಕಳೆದ ನವೆಂಬರ್ ತಿಂಗಳಲ್ಲಿ ತಮ್ಮ ಸಂಸ್ಥೆಯ ಮೂಲಕ ನಾನು, ನನ್ನ ಪತ್ನಿ ಹಾಗೂ ನನ್ನ ತಾಯಿಯವರು ಜಪಾನ್ ಪ್ರವಾಸ ಕೈಗೊಂಡಿದ್ದೆವು. ಟೋಕಿಯೋದ ಹೋಟೆಲು, ವಿಮಾನ, ವೀಸಾ ಇವುಗಳ ಬಗ್ಗೆ ನಮ್ಮ ತಕರಾರು ಏನೂ ಇಲ್ಲ. ಈ ಪತ್ರ ಕಮಾಕುರಾಗೆಂದು ಮೀಸಲಿಟ್ಟಿದ್ದ ದಿನಕ್ಕೆ ಮಾತ್ರ ಸಂಬಂಧಿಸಿದೆ. ತಮ್ಮಲ್ಲಿದ್ದ ಹಲವು ಪ್ಯಾಕೇಜುಗಳಲ್ಲಿ ನಾವು ಹೆಚ್ಚು ಬೆಲೆಯ ಇದನ್ನೇ ಆರಿಸಿಕೊಳ್ಳಲು ಆ ಒಂದು ದಿನವೇ ಕಾರಣವಾಗಿತ್ತೆಂಬುದನ್ನು ಬುಕಿಂಗ್ ಸಮಯದಲ್ಲಿ ತಮ್ಮ ಪ್ರತಿನಿಧಿಗೆ ನಾನು ಬರೆದ ಇ-ಮೇಲ್‌ಗಳಲ್ಲಿ ತಾವು ನೋಡಬಹುದು.

ತಮ್ಮ ಕಾರ್ಯಕ್ರಮ ಪಟ್ಟಿಯಲ್ಲಿ ಆ ದಿನಕ್ಕೆ ಬರೆದಿದ್ದುದು ಇಷ್ಟು: ಬೆಳಿಗ್ಗೆ ಟೋಕಿಯೋದಿಂದ ಹೊರಟು ಕಮಾಕುರಾ ತಲುಪುವುದು, ಕೋಟೊಕು-ಇನ್ ದೇವಾಲಯದ ಮಹಾಬುದ್ಧ, ಹಸೆದೆರಾ, ತ್ಸುರುಗಾವೊಕಾ ಹಚಿಮಾನ್‌ಗು ಮತ್ತು ಕೆಂಚೋ-ಜಿ ದೇವಾಲಯಗಳ ದರ್ಶನ, ಸಮುದ್ರದ ಅಂಚಿನಲ್ಲಿ ಸಾಗುವ ಎನೊಡೆನ್ ರೈಲಿನಲ್ಲಿ ಪ್ರಯಾಣ, ಮಧ್ಯಾಹ್ನ ಶುದ್ಧ ಸಸ್ಯಾಹಾರಿ ಊಟ. ಇವುಗಳಲ್ಲಿ ನಮಗೆ ದಕ್ಕಿದ್ದು ಮಹಾಬುದ್ಧನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವಷ್ಟು ಹೊತ್ತು ಮಾತ್ರ.

ಹೀಗಾಗಲು ಕಾರಣ ತಮ್ಮ ಬಸ್ಸು ನೇರವಾಗಿ ಕಮಾಕುರಾಗೆ ಹೋಗದೇ ಇದ್ದದ್ದು. ಯೋಕೋಹಾಮಾ ಸಮೀಪದ ತೆರಿಗೆರಹಿತ ಸಾಮಾನುಗಳ ಮಳಿಗೆಯೊಂದರ ಮುಂದೆ ನಮ್ಮನ್ನು ಇಳಿಸಿ, ‘ಶೌಚಾಲಯಕ್ಕೆ ಸ್ವಲ್ಪ ಹೊತ್ತು’ ಎಂದು ಹೇಳಲಾಯಿತು. ಬಾಗಿಲಲ್ಲಿ ನಿಂತಿದ್ದ ಮಳಿಗೆಯ ಸಿಬ್ಬಂದಿ ಪ್ರತಿಯೊಬ್ಬರ ಅಂಗಿಗೂ ನೀಲಿ ಸ್ಟಿಕ್ಕರ್ ಅಂಟಿಸಿದರು. ಅದರ ಮೇಲೆ ತಮ್ಮ ಸಂಸ್ಥೆಯ ಹೆಸರಿನ ಮೊದಲಕ್ಷರಗಳೂ ತಂಡದ ಸಂಖ್ಯೆಯೂ ಮೊದಲೇ ಮುದ್ರಿತವಾಗಿದ್ದವು. ಬಿಲ್ಲು ಮಾಡಿಸುವಾಗ ಆ ಸ್ಟಿಕ್ಕರನ್ನು ತೋರಿಸಲೇಬೇಕಿತ್ತು. ಒಳಗೆ ಮೊಣಕಾಲು ನೋವಿನ ಪಟ್ಟಿ, ಮೀನೆಣ್ಣೆ ಗುಳಿಗೆ, ಮುತ್ತಿನ ಹಾರಗಳ ಬಗ್ಗೆ ಹಿಂದಿಯಲ್ಲಿ ವಿವರಣೆ ನಡೆಯಿತು. ಅದು ಮುಗಿದು ಬಸ್ಸು ಮತ್ತೆ ಹೊರಟಾಗ ಮಧ್ಯಾಹ್ನದ ಊಟದ ಹೊತ್ತಾಗಿತ್ತು. ಆ ಮಳಿಗೆಯ ಹೆಸರು ಕಾರ್ಯಕ್ರಮ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ.

ನನ್ನ ಮೊದಲ ಇ-ಮೇಲ್‌ಗೆ ತಮ್ಮ ಕಚೇರಿಯಿಂದ ಬಂದ ಉತ್ತರದಲ್ಲಿ ‘ಭಾನುವಾರದ ಅನಿರೀಕ್ಷಿತ ವಾಹನ ದಟ್ಟಣೆ’ಯಿಂದ ತಡವಾಯಿತೆಂದು ಬರೆದಿದ್ದೀರಿ. ಈ ಸಮಜಾಯಿಷಿಯನ್ನು ನಾನು ಒಪ್ಪಲಾರೆ. ಕಮಾಕುರಾದ ಮೂರು ಕಡೆ ಗುಡ್ಡ, ದಕ್ಷಿಣಕ್ಕೆ ಸಗಾಮಿ ಕೊಲ್ಲಿ. ಹೀಗೆ ಹೊರಗಿನವರು ಸುಲಭವಾಗಿ ನುಗ್ಗಲಾಗದ ಜಾಗವಾದ್ದರಿಂದಲೇ ಯೋಧರ ನಾಯಕ ಮಿನಾಮೊಟೊ ನೊ ಯೊರಿಟೊಮೊ 1180ರಲ್ಲಿ ಇಲ್ಲಿ ನೆಲೆಯೂರಿದನು, 1333ರವರೆಗೂ ಜಪಾನಿನ ಯೋಧರ ಆಡಳಿತ ಇಲ್ಲಿಂದಲೇ ನಡೆಯಿತು. ಆಗ ಒಳಬರಲು ಇದ್ದದ್ದು ಗುಡ್ಡ ಕಡಿದು ಮಾಡಿದ ಇಕ್ಕಟ್ಟಾದ ದಾರಿಗಳು. ಇಂದಿಗೂ ಆ ಊರಿನ ರಸ್ತೆಗಳು ಕಿರಿದಾಗಿಯೇ ಇವೆ, ರಜಾದಿನಗಳಲ್ಲಿ ಅಲ್ಲಿ ವಾಹನಗಳು ಸಾಲುಗಟ್ಟಿ ನಿಲ್ಲುತ್ತವೆ. ಇದು ಅಲ್ಲಿಗೆ ತಂಡಗಳನ್ನು ಕರೆದೊಯ್ಯುವ ಯಾರಿಗೂ ಗೊತ್ತಿರುವ ಸಂಗತಿಯಾದ್ದರಿಂದ ‘ಅನಿರೀಕ್ಷಿತ’ ಎಂಬ ಮಾತಿಗೆ ಇಲ್ಲಿ ಎಡೆಯಿಲ್ಲ. ಟೋಕಿಯೋ ನಿಲ್ದಾಣದಿಂದ ಯೋಕೋಸುಕಾ ಮಾರ್ಗದ ರೈಲು ಹೆಚ್ಚುಕಡಿಮೆ ಒಂದು ಗಂಟೆಯಲ್ಲಿ ಕಮಾಕುರಾ ತಲುಪಿಸುತ್ತದೆ. ಅದನ್ನು ಬಿಟ್ಟು ನವೆಂಬರ್ ತಿಂಗಳ ಭಾನುವಾರದಂದು, ಅದೂ ಮಳಿಗೆಯಲ್ಲಿ ಅರ್ಧ ದಿನ ಕಳೆದ ಬಳಿಕ, ಬಸ್ಸಿನಲ್ಲಿ ಆ ಊರಿಗೆ ನುಗ್ಗಿದ್ದು ತಮ್ಮದೇ ಯೋಜನೆ.

ನಾವು ಕೋಟೊಕು-ಇನ್ ತಲುಪುವ ಹೊತ್ತಿಗೆ ಬಿಸಿಲು ಇಳಿಯುತ್ತಿತ್ತು. ಆ ತಿಂಗಳ ಕೊನೆಯಲ್ಲಿ ಅಲ್ಲಿ ಸುಮಾರು ನಾಲ್ಕೂವರೆಗೇ ಸೂರ್ಯಾಸ್ತವಾಗುತ್ತದೆ. ಸುಮಾರು 11 ಮೀಟರ್ ಎತ್ತರ, 121 ಟನ್ ತೂಕದ, ಬಯಲಿನಲ್ಲೇ ಕುಳಿತಿರುವ ಆ ಕಂಚಿನ ಅಮಿದ (ಅಮಿತಾಭ) ಬುದ್ಧನನ್ನು ನೋಡಿದ ಮೇಲೆ ನನಗೆ ಕೋಪಕ್ಕಿಂತ ಬೇಸರವೇ ಹೆಚ್ಚಾಯಿತೆಂದು ಹೇಳಬೇಕು. ಎರಕದ ತುಂಡುಗಳನ್ನು ಒಂದರ ಮೇಲೊಂದು ಬೆಸೆದ ಅಡ್ಡ ಗೆರೆಗಳು ಹೊರಮೈಯಲ್ಲೇ ಕಾಣುತ್ತವೆ, ಕೆನ್ನೆಯ ಮೇಲೆ ಅಳಿದುಳಿದ ಚಿನ್ನದ ಲೇಪವಿದೆ. ಮೂರ್ತಿಯ ಒಳಗಡೆ ಟೊಳ್ಳು. 50 ಯೆನ್ ಕೊಟ್ಟರೆ ಪಕ್ಕದ ಸಣ್ಣ ಬಾಗಿಲಿನಿಂದ ಒಳಹೊಕ್ಕು, ಹದಿಮೂರನೆಯ ಶತಮಾನದ ಎರಕದವರ ಕೈಚಳಕವನ್ನೂ, 1960ರ ಆಸುಪಾಸಿನಲ್ಲಿ ಕುತ್ತಿಗೆಗೆ ಒಳಗಿನಿಂದ ಕೊಟ್ಟ ಆಸರೆಯನ್ನೂ ಕಣ್ಣಾರೆ ನೋಡಬಹುದು. ‘ಅದು ಪ್ಯಾಕೇಜಿನಲ್ಲಿ ಇಲ್ಲ, ಸಮಯವೂ ಇಲ್ಲ’ ಎಂದು ನಮ್ಮನ್ನು ತಡೆಯಲಾಯಿತು. ನಾವೇ ದುಡ್ಡು ಕೊಡುತ್ತೇವೆಂದರೂ ಬಿಡಲಿಲ್ಲ.

ವಿವರಣೆಯ ಮಟ್ಟವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಇದು ಜಪಾನಿನಲ್ಲೇ ಅತಿ ಎತ್ತರದ ಬುದ್ಧ ಎಂದು ತಮ್ಮ ಬ್ರೋಷರಿನಲ್ಲಿದೆ, ಟೂರ್ ಮ್ಯಾನೇಜರ್ ಅವರೂ ಅದನ್ನೇ ಹೇಳಿದರು. ನಾರಾದ ತೋದೈ-ಜಿಯ ಬುದ್ಧನೇ ಇದಕ್ಕಿಂತ ದೊಡ್ಡದು. ಉಶಿಕುವಿನಲ್ಲಿರುವ ಈಚಿನ ಪ್ರತಿಮೆಯ ಎತ್ತರವಂತೂ 120 ಮೀಟರ್. ಕಮಾಕುರಾದ ಬುದ್ಧನಿಗಿದ್ದ ಮಂಟಪ ಎರಡನೆಯ ಮಹಾಯುದ್ಧದ ಬಾಂಬಿಗೆ ಸಿಕ್ಕಿ ನಾಶವಾಯಿತೆಂದೂ ಅವರು ಹೇಳಿದರು. ಅದು ಹದಿನೈದನೆಯ ಶತಮಾನದ ಕೊನೆಯಲ್ಲಿ ಸುನಾಮಿಗೆ ಕೊಚ್ಚಿಹೋಯಿತೆಂಬುದು ಪ್ರಚಲಿತ ವಿವರಣೆ, ಮಂಟಪದ ಅಡಿಗಲ್ಲುಗಳು ಈಗಲೂ ಸುತ್ತಲೂ ನೆಲದಲ್ಲಿವೆ. ಆ ಯುವಕ ವಿನಯವಂತ, ತಾಯಿಯವರ ಚೀಲವನ್ನು ತಾನೇ ಹೊತ್ತು ನಡೆದ. ಅವರ ಮೇಲೆ ಯಾವ ಕ್ರಮವನ್ನೂ ನಾನು ಕೇಳುತ್ತಿಲ್ಲ. ತಪ್ಪು ಮಾಹಿತಿಯನ್ನು ಕೈಗೆ ಕೊಟ್ಟು ಕಳಿಸಿದ್ದು ತಾವು. ಕಮಾಕುರಾ ಪುಟದಲ್ಲಿ ತಾವು ಅಚ್ಚು ಹಾಕಿಸಿರುವ, ನೀರಿನ ನಡುವೆ ನಿಂತ ಕೆಂಪು ತೋರಣದ ಚಿತ್ರವೂ ಕಮಾಕುರಾದ್ದಲ್ಲ, ಹಿರೋಷಿಮಾ ಪ್ರಾಂತ್ಯದ ಇಟ್ಸುಕುಶಿಮಾ ದೇಗುಲದ್ದು. ತಂಡದಲ್ಲಿದ್ದ ಇನ್ನೊಂದು ಕುಟುಂಬ ಅದನ್ನು ನೋಡಲೆಂದೇ ದಿನವಿಡೀ ಕಾದಿತ್ತು!

ಕೋಟೊಕು-ಇನ್‌ನಿಂದ ಹಸೆದೆರಾಗೆ ಕಾಲ್ನಡಿಗೆಯ ದಾರಿ. ನಾವು ಅಲ್ಲಿ ಹೋಗಿ ನಿಂತಾಗ ಟಿಕೆಟ್ ಕೌಂಟರಿನ ಪರದೆ ಇಳಿದಿತ್ತು, ಒಳಗಿದ್ದವರು ಹೊರಬರುತ್ತಿದ್ದರು. ಆ ಋತುವಿನಲ್ಲಿ ಪ್ರವೇಶ ನಾಲ್ಕೂವರೆಗೆ ನಿಲ್ಲುತ್ತದೆಂಬುದು ದೇವಾಲಯದವರೇ ಪ್ರಕಟಿಸಿರುವ ವಿಷಯ. ಒಂಬತ್ತು ಮೀಟರಿಗಿಂತ ಎತ್ತರದ, ಹನ್ನೊಂದು ಮುಖಗಳ ಮರದ ಕನ್ನೋನ್ ಅಂದರೆ ಅವಲೋಕಿತೇಶ್ವರ ಅಲ್ಲಿದೆ. ಅದೇ ಆವರಣದ ಗುಹೆಯೊಂದರಲ್ಲಿ ಬೆಂಜೈತೆನ್ ಮತ್ತು ಆಕೆಯ ಹದಿನಾರು ಪರಿವಾರ ಮೂರ್ತಿಗಳನ್ನು ಬಂಡೆಯಲ್ಲೇ ಕೆತ್ತಿದ್ದಾರೆ. ಭಾರತದಿಂದ ಬೌದ್ಧ ಧರ್ಮದೊಂದಿಗೆ ಚೀನಾದ ದಾರಿಯಾಗಿ ಹೋದ ಸರಸ್ವತಿಯೇ ಈ ಬೆಂಜೈತೆನ್. ತಮ್ಮ ಬ್ರೋಷರಿನಲ್ಲಿ ‘ಕಡಲ ತೀರದ ಊರಿನಲ್ಲಿ ನಮ್ಮ ಶಾರದೆಯ ದರ್ಶನ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುವುದು ಇದರ ಬಗ್ಗೆಯೇ. ಶೃಂಗೇರಿಯ ಕಡೆಯವರಾದ ನನ್ನ ತಾಯಿಯವರು ಈ ವಯಸ್ಸಿನಲ್ಲಿ ಇಷ್ಟು ದೂರದ ಪ್ರಯಾಣಕ್ಕೆ ಒಪ್ಪಿಕೊಂಡದ್ದು ಆ ಒಂದು ಸಾಲನ್ನು ಓದಿ. ಮುಚ್ಚಿದ ಕೌಂಟರಿನ ಮುಂದೆ ಅವರು ಯಾರನ್ನೂ ಏನನ್ನೂ ಕೇಳಲಿಲ್ಲ. ಕೇಳುವ ಕೆಲಸವನ್ನು ಅವರ ಪರವಾಗಿ ನಾನು ಈಗ ಮಾಡುತ್ತಿದ್ದೇನೆ.

ಕೆಂಚೋ-ಜಿಯೂ ಅಷ್ಟು ಹೊತ್ತಿಗೆ ಮುಚ್ಚಿದ್ದರಿಂದ ಬಿಟ್ಟುಹೋಯಿತು. ಎನೊಡೆನ್ ರೈಲಿನ ಹಾಸೆ ನಿಲ್ದಾಣ ಅಲ್ಲಿಂದ ಕೂಗಳತೆಯಲ್ಲಿದ್ದರೂ ‘ಬಸ್ಸು ಕಾಯುತ್ತಿದೆ’ ಎಂಬ ಕಾರಣಕ್ಕೆ ನಾವು ಹತ್ತಲಿಲ್ಲ. ಆದರೆ ಹಚಿಮಾನ್‌ಗು ವಿಚಾರದಲ್ಲಿ ಮುಚ್ಚುವ ಸಮಯದ ಸಬೂಬು ಕೂಡ ನಿಲ್ಲುವುದಿಲ್ಲ, ಏಕೆಂದರೆ ಆ ದೇಗುಲದ ಆವರಣ ಕತ್ತಲಾದ ಮೇಲೂ ತೆರೆದಿರುತ್ತದೆ. ಸಮುದ್ರದಿಂದ ದೇಗುಲದವರೆಗೆ ನೇರವಾಗಿ ಬರುವ ವಾಕಾಮಿಯಾ ಓಜಿ ಬೀದಿಯನ್ನೂ, ಅದರ ನಡುವೆ ಯೊರಿಟೊಮೊ ಕಾಲದಿಂದ ಇರುವ, ದೇಗುಲದತ್ತ ಹೋದಂತೆ ಕಿರಿದಾಗುವ ಎತ್ತರದ ಕಾಲುದಾರಿಯನ್ನೂ ನಾವು ಬಸ್ಸಿನ ಕಿಟಕಿಯಿಂದ ನೋಡಿದೆವು. ಟೋಕಿಯೋದ ಭಾರತೀಯ ಹೋಟೆಲಿನಲ್ಲಿ ರಾತ್ರಿಯೂಟಕ್ಕೆ ಗೊತ್ತಾದ ಹೊತ್ತಿಗೆ ತಲುಪಬೇಕಾಗಿತ್ತಂತೆ.

ಊಟದ ವಿಷಯಕ್ಕೆ ಬಂದರೆ, ಹೆದ್ದಾರಿ ಪಕ್ಕದಲ್ಲಿ ನಮಗೆ ‘ಸಸ್ಯಾಹಾರ’ವೆಂದು ಬಡಿಸಿದ ಸೋಬಾ ನೂಡಲ್ಸ್‌ನ ಸಾರಿನಲ್ಲಿ ಒಣ ಮೀನಿನ ರಸವಿತ್ತು. ನನ್ನ ಪತ್ನಿ ವಿಚಾರಿಸಿದ ಮೇಲೆ ಹೋಟೆಲಿನವರೇ ಅದನ್ನು ಖಚಿತಪಡಿಸಿದರು. ಅಷ್ಟರಲ್ಲಿ ತಾಯಿಯವರು ಎರಡು ಗುಟುಕು ಕುಡಿದಾಗಿತ್ತು. ಮಾಂಸದ ತುಂಡಿಲ್ಲದಿದ್ದರೆ ಅದು ಸಸ್ಯಾಹಾರ ಎಂದು ಅಲ್ಲಿಯವರು ತಿಳಿಯುವುದು ಸಹಜ, ಅದಕ್ಕೆ ಅವರನ್ನು ದೂರಲಾಗದು. ಮೀನಿನ ರಸವಿಲ್ಲದ ಅಡುಗೆಯನ್ನು ಮೊದಲೇ ಹೇಳಿ ಮಾಡಿಸುವುದಕ್ಕೆಂದೇ ನಾವು ತಮಗೆ ಹಣ ಕೊಟ್ಟಿದ್ದೆವು. ಜಪಾನಿನ ಬೌದ್ಧ ಮಠಗಳಲ್ಲಿ ಮೀನು ಮಾಂಸ ಸೋಕಿಸದ ಅಡುಗೆಯ ಪರಂಪರೆಯೇ ಇದೆ. ತರಕಾರಿ ಮತ್ತು ತೋಫುವಿನ ಕೆಂಚಿನ್ ಸಾರು ಹುಟ್ಟಿದ್ದೇ ನಾವು ನೋಡದೆ ಬಂದ ಕೆಂಚೋ-ಜಿಯಲ್ಲಿ ಎನ್ನುತ್ತಾರೆ.

ತಮ್ಮ ಉತ್ತರದಲ್ಲಿ ‘ಕಾರ್ಯಕ್ರಮದಲ್ಲಿ ಬದಲಾವಣೆ ಮಾಡುವ ಹಕ್ಕು ಸಂಸ್ಥೆಗಿದೆ’ ಎಂಬ ಷರತ್ತನ್ನು ಉಲ್ಲೇಖಿಸಿದ್ದೀರಿ. ಭೂಕಂಪವೋ ಚಂಡಮಾರುತವೋ ರೈಲು ಸ್ಥಗಿತವೋ ಆದಾಗ ಅಂಥ ಷರತ್ತು ಅನ್ವಯಿಸುವುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಮೊದಲೇ ಸ್ಟಿಕ್ಕರ್ ಮುದ್ರಿಸಿಟ್ಟುಕೊಂಡು ಮಾಡಿದ ವ್ಯವಸ್ಥೆ ಬದಲಾವಣೆಯಲ್ಲ. ಅದು ಗ್ರಾಹಕರಿಂದ ಮರೆಮಾಚಿದ ಮೂಲ ಕಾರ್ಯಕ್ರಮವೇ ಆಗಿತ್ತು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಹಣ ಪಡೆದು ಒಪ್ಪಿಕೊಂಡ ಸೇವೆಯನ್ನು ಒದಗಿಸದಿರುವುದು ಸೇವಾ ನ್ಯೂನತೆ, ಇಲ್ಲದ್ದನ್ನು ಇದೆಯೆಂದು ಜಾಹೀರಾತು ಮಾಡುವುದು ಅನುಚಿತ ವ್ಯಾಪಾರ ಪದ್ಧತಿ.

ಆದ್ದರಿಂದ ಕಮಾಕುರಾ ದಿನಕ್ಕೆಂದು ನಮ್ಮ ಮೂವರಿಂದ ಪಡೆದ ಮೊತ್ತವನ್ನು ಪೂರ್ತಿಯಾಗಿ ಹಿಂದಿರುಗಿಸಬೇಕೆಂದು ಕೋರುತ್ತೇನೆ. ಮುಂದಿನ ತಂಡಕ್ಕೆ ತಾವು ಕೊಡಲು ಮುಂದೆ ಬಂದಿರುವ ರಿಯಾಯಿತಿ ಕೂಪನ್ ನಮಗೆ ಬೇಡ. ತಾಯಿಯವರಿಗೆ ಇಂಥ ಪ್ರಯಾಣ ಮತ್ತೊಮ್ಮೆ ಕೈಗೂಡುವಂತಿಲ್ಲ. ಆ ಮಳಿಗೆಯಿಂದ ತಮ್ಮ ಸಂಸ್ಥೆಗಾಗಲಿ ಸ್ಥಳೀಯ ಏಜೆಂಟರಿಗಾಗಲಿ ಕಮಿಷನ್ ಸಂದಿದೆಯೇ ಎಂಬುದನ್ನು ಲಿಖಿತವಾಗಿ ತಿಳಿಸಬೇಕು, ಮುಂದೆ ಇಂಥ ನಿಲುಗಡೆಗಳಿದ್ದರೆ ಅವುಗಳ ಹೊತ್ತು ಮತ್ತು ಸ್ಥಳವನ್ನು ಕಾರ್ಯಕ್ರಮ ಪಟ್ಟಿಯಲ್ಲೇ ನಮೂದಿಸಬೇಕು. ಬ್ರೋಷರಿನ ತಪ್ಪು ಚಿತ್ರವನ್ನೂ ತಪ್ಪು ವಿವರಗಳನ್ನೂ ತೆಗೆದುಹಾಕುವುದು ತಮಗೆ ಒಂದು ದಿನದ ಕೆಲಸ. ಬೇಸಿಗೆ ರಜೆಯ ಬುಕಿಂಗ್ ಶುರುವಾಗುವ ಮೊದಲೇ ಅದಾದರೆ ಒಳ್ಳೆಯದು.

ಹಣ ಪಾವತಿಯ ರಸೀದಿ, ಕಾರ್ಯಕ್ರಮ ಪಟ್ಟಿ, ಬ್ರೋಷರಿನ ಪುಟ, ಸಮಯ ಕಾಣುವಂತಿರುವ ಛಾಯಾಚಿತ್ರಗಳು ಮತ್ತು ಆ ನೀಲಿ ಸ್ಟಿಕ್ಕರಿನ ಪ್ರತಿಯನ್ನು ಲಗತ್ತಿಸಿದ್ದೇನೆ. ಈ ಪತ್ರ ತಲುಪಿದ 30 ದಿನಗಳೊಳಗೆ ತಮ್ಮಿಂದ ಲಿಖಿತ ಉತ್ತರ ಬಾರದಿದ್ದಲ್ಲಿ, ನಾನು ವಾಸಿಸುವ ಮೈಸೂರಿನಲ್ಲೇ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಇವೇ ದಾಖಲೆಗಳೊಂದಿಗೆ ದೂರು ಸಲ್ಲಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ಮೈಸೂರು