ಪೆಂಡಾಲ್ ಬಿಚ್ಚುವ ಮುನ್ನ, ಡಾಂಬರು ಬೀಳುವ ಮುನ್ನ ಅಳೆಯಿರಿ

ಮಾನ್ಯ ಸಂಪಾದಕರೇ,

ಮಳೆಗಾಲ ಮುಗಿಯುತ್ತಿದ್ದಂತೆ ಜಿಲ್ಲೆಯ ಕಚೇರಿಗಳಲ್ಲಿ ಎರಡು ಬಗೆಯ ಕಡತಗಳ ಓಡಾಟ ಜೋರಾಗುತ್ತದೆ. ಒಂದು ಉತ್ಸವಗಳದ್ದು: ವೇದಿಕೆ, ಪೆಂಡಾಲ್, ಧ್ವನಿವರ್ಧಕ, ಎಲ್‌ಇಡಿ ಪರದೆ, ಜನರೇಟರ್. ಇನ್ನೊಂದು ಹಳ್ಳಿಯಂಚಿನ ಖಾಸಗಿ ಬಡಾವಣೆಗಳದ್ದು: ರಸ್ತೆ ಆಯಿತು, ಚರಂಡಿ ಆಯಿತು, ಉಳಿದ ನಿವೇಶನ ಮಾರಾಟಕ್ಕೆ ಬಿಡುಗಡೆ ಮಾಡಿ, ಪಂಚಾಯಿತಿಯವರು ವಹಿಸಿಕೊಳ್ಳಲಿ ಎಂಬ ಅರ್ಜಿ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲವೆಂದೇ ಎಲ್ಲರೂ ತಿಳಿದಿದ್ದಾರೆ. ಆದರೆ ಎರಡರಲ್ಲೂ ಸಾರ್ವಜನಿಕರ ದುಡ್ಡು ಸೋರುವುದು ಒಂದೇ ತೂತಿನಿಂದ. ಪೆಂಡಾಲ್ ನಿಂತಿರುವುದು ಮೂರು ದಿನ. ರಸ್ತೆಯ ಜಲ್ಲಿ ಪದರ ಕಣ್ಣಿಗೆ ಕಾಣುವುದು ಹೆಚ್ಚೆಂದರೆ ಒಂದೆರಡು ವಾರ. ಆ ಗಳಿಗೆಯಲ್ಲಿ ಟೇಪು ಹಿಡಿಯದಿದ್ದರೆ ಆಮೇಲೆ ಅಳೆಯಲು ಏನೂ ಉಳಿದಿರುವುದಿಲ್ಲ, ಬಿಲ್ಲು ಮಾತ್ರ ಉಳಿಯುತ್ತದೆ.

ಮೊದಲು ಉತ್ಸವದ ಮಾತು. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ 1999ರ ಪ್ರಕಾರ ಇವಕ್ಕೆಲ್ಲ ಟೆಂಡರ್ ಕರೆಯಬೇಕು. ಆದರೆ ಉತ್ಸವದ ದಿನಾಂಕ ಗೊತ್ತಾಗುವುದೇ ತಡ. ಸಚಿವರ ಪ್ರವಾಸ, ಕಲಾವಿದರ ದಿನಾಂಕ, ಯಾವುದೋ ಚುನಾವಣೆಯ ನೀತಿಸಂಹಿತೆ, ಎಲ್ಲ ಕೂಡಿಬರುವ ಹೊತ್ತಿಗೆ ಕೈಯಲ್ಲಿ ಹತ್ತು ಹದಿನೈದು ದಿನ ಉಳಿದಿರುತ್ತದೆ. ಆಗ ಕಡತದಲ್ಲಿ ‘ಸಮಯಾಭಾವದ ಕಾರಣ’ ಎಂಬ ಸಾಲು ಬರುತ್ತದೆ. ಮುಂದಿನ ದಾರಿ ಎರಡೇ: ಆ ಕಾಯ್ದೆಯ 4(ಜಿ) ಕಲಮಿನ ವಿನಾಯಿತಿ, ಇಲ್ಲವೇ ತುಂಡು ಗುತ್ತಿಗೆ, ಅಂದರೆ ಕೆಲಸವನ್ನು ಚೂರುಚೂರು ಮಾಡಿ ಹಂಚುವುದು. 4(ಜಿ) ಎಂಬುದು ಸರ್ಕಾರ ಅಧಿಸೂಚನೆ ಹೊರಡಿಸಿ ಕೊಡಬೇಕಾದ ವಿನಾಯಿತಿ. ಜಿಲ್ಲೆಯ ಸಮಿತಿಯೊಂದು ಸಭೆಯಲ್ಲಿ ಠರಾವು ಬರೆದುಕೊಂಡರೆ ಅದು ವಿನಾಯಿತಿ ಆಗುವುದಿಲ್ಲ. ಕೆಲಸ ಮುಗಿಸಿ ಆಮೇಲೆ ಘಟನೋತ್ತರ ಅನುಮೋದನೆಗೆ ಬರೆಯುವುದಂತೂ ಕಾಯ್ದೆಯನ್ನು ಹಿಂದುಮುಂದಾಗಿ ಓದಿದ ಹಾಗೆ.

ದಿನಾಂಕ ತಡವಾಗುವುದು ಪ್ರತಿವರ್ಷದ ಸಂಗತಿ ಎಂದ ಮೇಲೆ ಅದನ್ನು ತುರ್ತು ಎನ್ನುವುದು ಹೇಗೆ? ಇದಕ್ಕೆ ಮದ್ದು ಇದೆ. ಹಣಕಾಸು ವರ್ಷದ ಆರಂಭದಲ್ಲೇ ಇಡೀ ಜಿಲ್ಲೆಗೆ ಒಂದು ದರ ಒಪ್ಪಂದದ ಟೆಂಡರ್ ಕರೆಯಬಹುದು. ಪೆಂಡಾಲ್ ಚದರ ಮೀಟರಿಗೆ ಇಷ್ಟು, ಎಲ್‌ಇಡಿ ಪರದೆ ಚದರ ಮೀಟರಿಗೆ ಇಷ್ಟು, ಬ್ಯಾರಿಕೇಡ್ ಮೀಟರಿಗೆ ಇಷ್ಟು, ಜನರೇಟರ್ ಗಂಟೆಗೆ ಇಷ್ಟು, ಕುರ್ಚಿ ಒಂದಕ್ಕೆ ಇಷ್ಟು. ಉತ್ಸವ ನವೆಂಬರಿಗೆ ಬರಲಿ, ಫೆಬ್ರುವರಿಗೆ ಹೋಗಲಿ, ದರ ಕದಲುವುದಿಲ್ಲ. ಬೇಕಾದ್ದು ಪ್ರಮಾಣ ಬರೆದ ಕಾರ್ಯಾದೇಶ ಮಾತ್ರ.

ಇಲ್ಲಿ ಎಡವುವ ಜಾಗ ಬಾಡಿಗೆಯ ಅವಧಿ. ಪಟ್ಟಿಯಲ್ಲಿ ‘ದಿನಕ್ಕೆ’ ಎಂದಿದೆಯೋ ‘ಕಾರ್ಯಕ್ರಮಕ್ಕೆ’ ಎಂದಿದೆಯೋ ನೋಡಬೇಕು. ಪೆಂಡಾಲ್ ಖರ್ಚಿನಲ್ಲಿ ದೊಡ್ಡ ಪಾಲು ಸಾಗಣೆ, ಕಟ್ಟುವ ಕೂಲಿ, ಬಿಚ್ಚುವ ಕೂಲಿ. ಅದು ಆಗುವುದು ಒಂದೇ ಸಲ. ಎರಡನೇ ದಿನ, ಮೂರನೇ ದಿನ ಪೆಂಡಾಲ್ ಸುಮ್ಮನೆ ನಿಂತಿರುತ್ತದೆ. ಮೊದಲ ದಿನದ ದರವನ್ನೇ ಮೂರರಿಂದ ಗುಣಿಸಿದರೆ ಕೂಲಿಯನ್ನೂ ಮೂರು ಸಲ ಕೊಟ್ಟಂತಾಯಿತು. ದರ ಜಿಎಸ್‌ಟಿ ಸೇರಿಯೋ ಬಿಟ್ಟೋ ಎಂಬುದನ್ನೂ ಟೆಂಡರ್ ಪತ್ರದಲ್ಲೇ ಬರೆಯಬೇಕು. ಇಲ್ಲದಿದ್ದರೆ ಒಬ್ಬ ಸೇರಿಸಿ, ಇನ್ನೊಬ್ಬ ಬಿಟ್ಟು ದರ ನಮೂದಿಸುತ್ತಾನೆ, ಹೋಲಿಕೆಯೇ ಕೆಡುತ್ತದೆ.

ಅಳತೆ ಎಷ್ಟು ಸುಲಭ ಎಂಬುದಕ್ಕೆ ಎರಡು ಲೆಕ್ಕ ಕೊಡುತ್ತೇನೆ. 6 ಮೀಟರ್ ಅಗಲ, 4 ಮೀಟರ್ ಎತ್ತರದ ಎಲ್‌ಇಡಿ ಪರದೆ ಎಂದರೆ 24 ಚದರ ಮೀಟರ್, ಅಡಿಯಲ್ಲಿ ಸುಮಾರು 258 ಚದರ ಅಡಿ. ಪ್ಯಾನೆಲ್ ಅರ್ಧ ಮೀಟರ್ ಚೌಕದ್ದಾದರೆ ಅಡ್ಡಲಾಗಿ 12, ನಿಲುವಾಗಿ 8, ಒಟ್ಟು 96. ಪರದೆಯ ಹಿಂದೆ ಹೋಗಿ ನಿಂತರೆ ಎರಡು ನಿಮಿಷದಲ್ಲಿ ಎಣಿಸಬಹುದು. ಅದೇ ಪರದೆ ಬಿಲ್ಲಿನಲ್ಲಿ ‘24 ಅಡಿ × 16 ಅಡಿ’ ಆಗಿ ಕುಳಿತರೆ 384 ಚದರ ಅಡಿ, ಹೆಚ್ಚುಕಡಿಮೆ ಒಂದೂವರೆ ಪಟ್ಟು. ಮರುದಿನ ಲಾರಿ ಹೋದ ಮೇಲೆ ಯಾವ ಲೆಕ್ಕಪರಿಶೋಧಕನೂ ಇದನ್ನು ಹಿಡಿಯಲಾರ. ಎರಡನೆಯದು ಕುರ್ಚಿ. 40 ಮೀಟರ್ ಉದ್ದ, 25 ಮೀಟರ್ ಅಗಲದ ಪೆಂಡಾಲ್ 1000 ಚದರ ಮೀಟರ್. ನಡುವಿನ ದಾರಿ ಬಿಟ್ಟರೆ ಒಂದು ಕುರ್ಚಿಗೆ 0.6 ಚದರ ಮೀಟರ್ ಆದರೂ ಬೇಕು. 1600, 1700ಕ್ಕೆ ಜಾಗ ತುಂಬುತ್ತದೆ. ಆ ಪೆಂಡಾಲಿನೊಳಗೆ 5000 ಕುರ್ಚಿ ಹಾಕಿಸಿದೆವು ಎಂಬ ಬಿಲ್ಲಿಗೆ ಸಹಿ ಮಾಡುವವರು ಜನರನ್ನು ಎಲ್ಲಿ ಕೂರಿಸಿದರೆಂದು ಕೇಳಬೇಕಾಗುತ್ತದೆ.

ಜನರೇಟರಿನಲ್ಲಿ ಗಂಟೆ ಮೀಟರ್ ಇರುತ್ತದೆ. ತಂದು ಇಳಿಸಿದಾಗ ಒಂದು ಫೋಟೊ, ಎತ್ತುವಾಗ ಒಂದು ಫೋಟೊ, ಅಷ್ಟೇ ಸಾಕು. ಬದಲಿಯಾಗಿ ಇಟ್ಟ ಜನರೇಟರ್ ಒಂದು ನಿಮಿಷವೂ ಓಡದೆ ಡೀಸೆಲ್ ಕುಡಿದಿರುವುದು ಮೀಟರಿನಲ್ಲಿ ಮಾತ್ರ ಗೊತ್ತಾಗುತ್ತದೆ. ಅರ್ಥಿಂಗ್ ಕೂಡ ಆಗಲೇ ನೋಡಬೇಕು: ನ್ಯೂಟ್ರಲ್ ತಂತಿಗೆ ಎರಡು, ಜನರೇಟರಿನ ಲೋಹದ ಮೈಗೆ ಎರಡು, ಬೇರೆಬೇರೆ. ಉದ್ಘಾಟನೆಗೆ ಎರಡು ಗಂಟೆ ಇರುವಾಗ ವೇದಿಕೆ ಸುರಕ್ಷಿತ ಎಂದು ಬರೆಸಿಕೊಳ್ಳುವ ಪ್ರಮಾಣಪತ್ರಕ್ಕೆ ಕಾಗದದ ಬೆಲೆಯೂ ಇಲ್ಲ. ಹಿಂದಿನ ದಿನ ಮಧ್ಯಾಹ್ನವೇ ತಪಾಸಣೆ ಆದರೆ ತಪ್ಪು ಸರಿಪಡಿಸಲು ಒಂದು ರಾತ್ರಿಯಾದರೂ ಸಿಗುತ್ತದೆ.

ಇನ್ನು ಬಡಾವಣೆಯ ರಸ್ತೆ. ಉತ್ಸವದಲ್ಲಿ ಹೋದ ಹಣ ಒಂದು ಸಲ ಹೋಯಿತು. ಕೆಟ್ಟ ರಸ್ತೆಯನ್ನು ವಹಿಸಿಕೊಂಡ ಗ್ರಾಮ ಪಂಚಾಯಿತಿ ಮಾತ್ರ ಅದನ್ನು ವರ್ಷವರ್ಷವೂ ಸಾಕಬೇಕು. 15ನೇ ಹಣಕಾಸು ಆಯೋಗದ ಲೆಕ್ಕದಲ್ಲಿ (2021–26) ಪಂಚಾಯಿತಿ ಅನುದಾನದ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಟ್ಟದ್ದಾಗಿತ್ತು. ಊರಿನ ಹಳೆಯ ರಸ್ತೆ, ಹೊಸ ಬಡಾವಣೆಯ ಕಿತ್ತುಹೋದ ರಸ್ತೆ ಎರಡೂ ಉಳಿದ 40ರಲ್ಲೇ ಕಿತ್ತಾಡಬೇಕಿತ್ತು.

ಮೊದಲ ತಪ್ಪು ಜಲ್ಲಿ ಬೀಳುವ ಮೊದಲೇ ನಡೆದಿರುತ್ತದೆ. ಬಡಾವಣೆಯೊಳಗೆ 9 ಮೀಟರ್ ರಸ್ತೆ ತೋರಿಸುತ್ತಾರೆ, ಅಲ್ಲಿಗೆ ಹೋಗುವ ದಾರಿ ಎಷ್ಟಿದೆ ಎಂದು ಯಾರೂ ಕೇಳುವುದಿಲ್ಲ. ಗ್ರಾಮನಕ್ಷೆ ತೆಗೆದು ನೋಡಿದರೆ ಅದು ಬಂಡಿದಾರಿ. ಹತ್ತು ಹನ್ನೆರಡು ಅಡಿ, ಎರಡೂ ಬದಿ ಬೇರೆಯವರ ಹೊಲ. ಶಾಲಾ ಬಸ್ಸು, ಅಗ್ನಿಶಾಮಕ ವಾಹನ ಒಳಗೆ ತಿರುಗುವುದಿರಲಿ, ಬರುವುದೇ ಕಷ್ಟ. ಕೆಲವು ಕಡೆ ಬಿ ಖರಾಬಿನ (ಸಾರ್ವಜನಿಕ ಬಳಕೆಗೆ ಬಿಟ್ಟ, ಸಾಗುವಳಿಯಿಲ್ಲದ ಜಾಗದ) ಹಳ್ಳದ ದಂಡೆಯನ್ನೇ ರಸ್ತೆಯ ಅಗಲಕ್ಕೆ ಸೇರಿಸಿ ತೋರಿಸಿರುತ್ತಾರೆ. ಬಿ ಖರಾಬು ಸಾರ್ವಜನಿಕರದ್ದು, ಅದು ಯಾರ ಬಡಾವಣೆಯ ಲೆಕ್ಕಕ್ಕೂ ಬರುವುದಿಲ್ಲ. ಭೂಪರಿವರ್ತನೆಯ ಹಂತದಲ್ಲೇ ಸಂಪರ್ಕ ರಸ್ತೆಯ ಅಗಲವನ್ನು ಭೂಮಾಪಕರಿಂದ ಅಳೆಸಿ ನಕ್ಷೆಯ ಮೇಲೆ ಬರೆಸಬೇಕು.

ಅಗಲ ಏಕೆ ಕಡಿಮೆಯಾಗುತ್ತದೆ ಎಂಬುದು ಸರಳ ಗಣಿತ. 300 ಅಡಿ ಉದ್ದದ ಬೀದಿಗೆ 30 ಅಡಿ ಬಿಟ್ಟರೆ 9000 ಚದರ ಅಡಿ, ಅಂದರೆ ಎಂಟೂಕಾಲು ಗುಂಟೆ. ಅದರಲ್ಲಿ 5 ಅಡಿ ಒತ್ತಿಕೊಂಡರೆ 1500 ಚದರ ಅಡಿ ಉಳಿತಾಯ. 30×40ರ ನಿವೇಶನ 1200 ಚದರ ಅಡಿ. ಒಂದು ಬೀದಿಗೆ ಒಂದೂಕಾಲು ನಿವೇಶನ ಪುಕ್ಕಟೆ! ಅದಕ್ಕೇ ಡಾಂಬರಿನ ಅಗಲ ಅಳೆದು ಬರುವುದು ಅಳತೆಯಲ್ಲ. ಎದುರುಬದುರಿನ ಗಡಿಕಲ್ಲುಗಳ ನಡುವೆ ಟೇಪು ಹಿಡಿಯಬೇಕು, ಬೀದಿಯ ಎರಡು ತುದಿ ಮತ್ತು ನಡುವೆ, ಮೂರು ಕಡೆ.

ಪದರಗಳ ವಿಷಯಕ್ಕೆ ಬರೋಣ. ಗದಗ, ಧಾರವಾಡ, ವಿಜಯಪುರದ ಕಡೆ ನೆಲ ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಜಲ್ಲಿ (ನಮ್ಮ ಕಡೆ ಕಡಿ ಅನ್ನುತ್ತೇವೆ) ಸುರಿದರೆ ಮೊದಲ ಮಳೆಗೇ ಮಣ್ಣು ಮೇಲೆ, ಕಡಿ ಕೆಳಗೆ. ಎರೆಮಣ್ಣು ತೆಗೆದು ಒಂದಡಿಯಾದರೂ ಒಳ್ಳೆಯ ಗರಸು ಮಣ್ಣು (ಮೊರಂ) ತುಂಬಿ, ನೀರು ಹೊಡೆದು, ರೋಲರ್ ಓಡಿಸಬೇಕು. ಬಡಾವಣೆ ಮಾಡುವವರು ದುಡ್ಡು ಉಳಿಸುವುದು ಮುಖ್ಯವಾಗಿ ಇಲ್ಲೇ, ಏಕೆಂದರೆ ಇದು ಯಾರಿಗೂ ಕಾಣುವುದಿಲ್ಲ.

ಆಮೇಲೆ ಡಬ್ಲ್ಯುಬಿಎಂ (ವಾಟರ್ ಬೌಂಡ್ ಮೆಕಾಡಂ), ಅಂದರೆ ನೀರು ಹೊಡೆದು ರೋಲರಿನಿಂದ ಒತ್ತಿದ ಜಲ್ಲಿ ಪದರ. ಒತ್ತಿದ ಮೇಲೆ 75 ಮಿಲಿಮೀಟರ್ ಉಳಿಯಬೇಕಾದ ಪದರಕ್ಕೆ 10 ಚದರ ಮೀಟರಿಗೆ 0.91ರಿಂದ 1.07 ಘನ ಮೀಟರ್ ಸಡಿಲ ಜಲ್ಲಿ ಬೇಕು. ಐದೂವರೆ ಮೀಟರ್ ಅಗಲ, 100 ಮೀಟರ್ ಉದ್ದಕ್ಕೆ 550 ಚದರ ಮೀಟರ್, ಅಂದರೆ 50ರಿಂದ 59 ಘನ ಮೀಟರ್. 6 ಘನ ಮೀಟರಿನ ಟಿಪ್ಪರ್ ಆದರೆ ಒಂದು ಪದರಕ್ಕೆ ಒಂಬತ್ತು ಲೋಡು, ಎರಡು ಪದರಕ್ಕೆ ಹದಿನೆಂಟು. ರಸ್ತೆ ಬದಿಯ ಮನೆಯ ಅಜ್ಜಿ ಕೂಡ ಎಣಿಸಬಲ್ಲ ಲೆಕ್ಕ ಇದು. ಆರೇ ಲೋಡು ಬಂದಿದ್ದರೆ ಪದರ ಐದು ಸೆಂಟಿಮೀಟರಿನ ಆಸುಪಾಸು ಎಂದು ತಿಳಿಯಿರಿ. ಜಲ್ಲಿಯ ಸಂದು ತುಂಬಲು ಕಲ್ಲಿನ ಸಣ್ಣ ಚೂರು ಹಾಕುವ ಬದಲು ಹೊಲದ ಮಣ್ಣು ಎರಚುವುದು ಇನ್ನೊಂದು ಚಾಳಿ. ನೋಡಲು ನುಣುಪಾಗಿ ಕಾಣುತ್ತದೆ, ನೀರು ಬಿದ್ದೊಡನೆ ಕೆಸರು. ಆ ಧೂಳು ಗುಡಿಸದೆ, ಪ್ರೈಮರ್ (ಡಾಂಬರು ಹಿಡಿಯಲು ಮೊದಲು ಸಿಂಪಡಿಸುವ ತೆಳು ಡಾಂಬರು) ಹೊಡೆಯದೆ ಡಾಂಬರು ಹಾಕಿದರೆ ಕಾವಲಿಯಿಂದ ದೋಸೆ ಎದ್ದ ಹಾಗೆ ಎದ್ದುಬರುತ್ತದೆ.

ಡಾಂಬರಿನ ಲೆಕ್ಕವೂ ಅಷ್ಟೇ ನೇರ. 20 ಮಿಲಿಮೀಟರ್ ಕಾರ್ಪೆಟ್ಟಿಗೆ (ಡಾಂಬರು ಬೆರೆಸಿದ ಸಣ್ಣ ಜಲ್ಲಿಯ ಪದರಕ್ಕೆ) 10 ಚದರ ಮೀಟರಿಗೆ 14.6 ಕೆಜಿ ಡಾಂಬರು, ಅದರ ಮೇಲೆ ಸಂದು ಮುಚ್ಚುವ ಬಿ ಮಾದರಿ ಸೀಲ್ ಕೋಟ್ ಲೇಪಕ್ಕೆ 6.8 ಕೆಜಿ. ಅದೇ 100 ಮೀಟರಿಗೆ ಒಟ್ಟು 1180 ಕೆಜಿಯ ಹತ್ತಿರ, 150 ಕೆಜಿಯ ಬ್ಯಾರೆಲ್ ಆದರೆ ಎಂಟು. ಪ್ರೈಮರ್ ಬೇರೆ.

ಚರಂಡಿ ಕಟ್ಟಿರುತ್ತಾರೆ, ಆದರೆ ಕೊನೆಯ ನಿವೇಶನದ ಗಡಿಗೆ ಬಂದು ನಿಲ್ಲುತ್ತದೆ. ಮುಂದೆ ನೀರು ಹೋಗಬೇಕಾದದ್ದು ಪಕ್ಕದ ರೈತನ ಹೊಲಕ್ಕೆ. ಹಳ್ಳದವರೆಗೆ ಚರಂಡಿ ಮುಟ್ಟದ ಬಡಾವಣೆಯನ್ನು ಪೂರ್ಣಗೊಂಡಿದೆ ಎನ್ನುವಂತಿಲ್ಲ. ರಸ್ತೆ ದಾಟುವ ಪೈಪು ವಾಹನದ ಭಾರ ತಡೆಯುವ ಎನ್‌ಪಿ-3 ದರ್ಜೆಯ ಕಾಂಕ್ರೀಟ್ ಪೈಪಾಗಿರಬೇಕು, ಮೇಲೆ 60 ಸೆಂಟಿಮೀಟರ್ ಮಣ್ಣಿನ ಹೊದಿಕೆ ಇರಬೇಕು. ನಲ್ಲಿ, ಕೇಬಲ್ಲಿಗೂ ಡಾಂಬರಿಗೆ ಮೊದಲೇ ಅಡ್ಡ ಪೈಪು ಹೂಳಬೇಕು. ಇಲ್ಲವಾದರೆ ಮನೆ ಒಂದೊಂದೇ ಏಳುವಾಗ ರಸ್ತೆಗೆ ಒಂದೊಂದೇ ಗಾಯ.

ಹಸ್ತಾಂತರಕ್ಕೆ ಮುನ್ನ ಮಾಡಬೇಕಾದ ಪರೀಕ್ಷೆಗೆ ಪ್ರಯೋಗಾಲಯವೇ ಬೇಕೆಂದಿಲ್ಲ. ಅಂಚಿನಿಂದ ಒಂದಡಿ ಒಳಗೆ ಒಂದಡಿ ಚೌಕದ ಗುಂಡಿ ತೋಡಿ, ಪದರ ಪದರವಾಗಿ ಸ್ಕೇಲ್ ಇಟ್ಟು ಫೋಟೊ ತೆಗೆಯಬೇಕು. ಬೀದಿಗೆ ಎರಡು ಗುಂಡಿ. ನಡುಮಧ್ಯದಿಂದ ಅಂಚಿಗೆ ಹುರಿ ಎಳೆದರೆ ಐದೂವರೆ ಮೀಟರ್ ರಸ್ತೆಯಲ್ಲಿ ಏಳು ಸೆಂಟಿಮೀಟರಿನಷ್ಟಾದರೂ ಇಳಿಜಾರು ಸಿಗಬೇಕು. ನಿವೇಶನಗಳನ್ನು ಹಂತಹಂತವಾಗಿ ಬಿಡುಗಡೆ ಮಾಡುವ ನಿಯಮ ಇರುವುದೇ ಇದಕ್ಕೆ. ಕೊನೆಯ ಕಂತು ಬಿಟ್ಟುಕೊಟ್ಟ ಮೇಲೆ ಬಡಾವಣೆಯವರನ್ನು ಹಿಡಿದಿಡಲು ಯೋಜನಾ ಪ್ರಾಧಿಕಾರದ ಕೈಯಲ್ಲಿ ಹಗ್ಗವೇ ಇರುವುದಿಲ್ಲ. ರಸ್ತೆ, ಉದ್ಯಾನದ ಜಾಗಕ್ಕೆ ನೋಂದಾಯಿತ ಬಿಟ್ಟುಕೊಡುವ ಪತ್ರ ಆಗಿ, ಅವು ಪಂಚಾಯಿತಿ ಹೆಸರಿಗೆ ದಾಖಲಾಗುವ ತನಕ ಬಿಡಿ ನಿವೇಶನಗಳಿಗೆ ನಮೂನೆ 9, 11ಎ (ಪಂಚಾಯಿತಿಯ ಆಸ್ತಿ ದಾಖಲೆ) ಕೊಡಕೂಡದು. ಇಲ್ಲವಾದರೆ ನಾಲ್ಕು ವರ್ಷ ಬಿಟ್ಟು ಉದ್ಯಾನಕ್ಕೂ ಒಂದು ಖಾತೆ ಹುಟ್ಟಿಕೊಳ್ಳುತ್ತದೆ.

ಕೊಂಡವರಿಗೂ ಒಂದು ದಾರಿ ಉಂಟು. ಜಾಗ 500 ಚದರ ಮೀಟರ್ ಮೀರಿದ ಬಡಾವಣೆ ರೇರಾದಲ್ಲಿ (ರಿಯಲ್ ಎಸ್ಟೇಟ್ ಕಾಯ್ದೆಯಡಿಯ ನಿಯಂತ್ರಣ ಪ್ರಾಧಿಕಾರದಲ್ಲಿ) ನೋಂದಣಿ ಆಗಿರಬೇಕು. ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಾಮಗಾರಿಯ ದೋಷ ತೋರಿಸಿದರೆ 2016ರ ಆ ಕಾಯ್ದೆಯ 14(3)ನೇ ಕಲಂ ಪ್ರಕಾರ 30 ದಿನದಲ್ಲಿ ಸ್ವಂತ ಖರ್ಚಿನಿಂದ ಸರಿಪಡಿಸುವ ಹೊಣೆ ಪ್ರವರ್ತಕರದ್ದು. ಪಂಚಾಯಿತಿಗೆ ಮನವಿ ಕೊಟ್ಟು ಕಾಯುತ್ತಾ ಐದು ವರ್ಷ ಕಳೆದವರು ಬಹಳ.

ಮಾಹಿತಿ ಹಕ್ಕಿನಲ್ಲಿ ಕೇಳುವವರು ಎರಡನ್ನೂ ಒಂದೇ ಅರ್ಜಿಯಲ್ಲಿ ತುರುಕಬೇಡಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಶುಲ್ಕ 10 ರೂಪಾಯಿ. ಬಡಾವಣೆಯದ್ದಾದರೆ ನಿವೇಶನ ಬಿಡುಗಡೆ ಆದೇಶ, ಅದಕ್ಕೆ ಆಧಾರವಾದ ಎಂಜಿನಿಯರ್ ವರದಿ, ಬಿಟ್ಟುಕೊಡುವ ಪತ್ರದ ನೋಂದಣಿ ಸಂಖ್ಯೆ ಕೇಳಿ. ಉತ್ಸವದ್ದಾದರೆ ಕಾರ್ಯಾದೇಶ ಮತ್ತು ಅಳತೆ ಪುಸ್ತಕದ ಪುಟಗಳನ್ನು ಕೇಳಿ. ಪ್ರತಿ ಕೈಗೆ ಬಂದಾಗ ಮೊತ್ತ ನೋಡುವುದಕ್ಕೆ ಮುಂಚೆ ಅಳತೆ ಬರೆದ ದಿನಾಂಕ ನೋಡಿ, ಪೆಂಡಾಲ್ ಬಿಚ್ಚಿದ್ದು ಅದಕ್ಕೆ ಮೊದಲೋ ಆಮೇಲೋ ಎಂದು.

– ನಿವೃತ್ತ ಎಂಜಿನಿಯರ್, ಗದಗ