ಒಂಬತ್ತನೇ ತರಗತಿಯ ಪೋಷಕರಿಗೆ: ಯುರೋಪಿನ ಯುದ್ಧಗಳ ಪಾಠ ಕುರಿತು

ಆತ್ಮೀಯ ಪೋಷಕರೇ,

ನಮಸ್ಕಾರ. ಕಳೆದ ವಾರದ ಪೋಷಕರ ಸಭೆಯಲ್ಲಿ ತಂದೆಯೊಬ್ಬರು ಎದ್ದು ನಿಂತು, “ಮೇಡಂ, ಎಲ್ಲೋ ಯುರೋಪಿನಲ್ಲಿ, ಯಾವುದೋ ಕಾಲದಲ್ಲಿ ನಡೆದ ಯುದ್ಧಗಳಿಗೆ ಮೂರು ವಾರ ಏಕೆ? ಇಸವಿಗಳನ್ನು ಬಾಯಿಪಾಠ ಮಾಡಿಸಿದರೆ ಸಾಲದೇ?” ಎಂದು ಕೇಳಿದರು. ಹೊತ್ತಾಗಿದ್ದರಿಂದ ಅಂದು ಪೂರ್ತಿ ಉತ್ತರ ಕೊಡಲಾಗಲಿಲ್ಲ. ಪ್ರಶ್ನೆ ನ್ಯಾಯವಾದದ್ದು. ಬಹಳ ವರ್ಷ ಇತಿಹಾಸ ಪಾಠ ಮಾಡಿದವಳು ನಾನು, ಬರೆದೇ ಉತ್ತರಿಸೋಣ ಎನಿಸಿತು.

ಇಸವಿ ಬಾಯಿಗೆ ಬಂದರೆ ಯಾರು ಗೆದ್ದರು ಎಂಬುದು ನೆನಪಿರುತ್ತದೆ. ದಂಡಿಗೆ ಸಂಬಳ ಕೊಟ್ಟವರು ಯಾರು ಎಂಬುದು ತಿಳಿಯುವುದಿಲ್ಲ. ನಮ್ಮ ಮಕ್ಕಳು ಈಗ ಪ್ರತಿ ಯುದ್ಧದ ಬಗ್ಗೆ ಮೊದಲು ಕೇಳುವುದು ಇದನ್ನೇ: ದುಡ್ಡು ಎಲ್ಲಿಂದ ಬಂತು?

ಇಂಗ್ಲೆಂಡಿನ ಒಂದನೇ ಚಾರ್ಲ್ಸ್ ಸಂಸತ್ತನ್ನು ಕರೆಯದೆ 11 ವರ್ಷ ಆಳಿದ. ಸ್ಕಾಟ್ಲೆಂಡಿನವರು ತಿರುಗಿಬಿದ್ದಾಗ ದಂಡು ಕಟ್ಟಲು ಖಜಾನೆಯಲ್ಲಿ ಹಣವಿರಲಿಲ್ಲ. 1640ರಲ್ಲಿ ಬೇರೆ ದಾರಿ ಕಾಣದೆ ಸಂಸತ್ತನ್ನು ಕರೆದ. ಹಣ ಕೇಳಲು ಬಂದ ರಾಜನ ಮುಂದೆ ಸದಸ್ಯರು 11 ವರ್ಷದ ದೂರುಗಳನ್ನೆಲ್ಲ ಹರಡಿಟ್ಟರು. ಮುಂದೆ ಅಂತರ್ಯುದ್ಧವಾಯಿತು, 1649ರಲ್ಲಿ ರಾಜನಿಗೇ ಮರಣದಂಡನೆಯಾಯಿತು. ಸಂಸತ್ತಿನ ಒಪ್ಪಿಗೆಯಿಲ್ಲದೆ ತೆರಿಗೆ ಹಾಕುವಂತಿಲ್ಲ, ಶಾಂತಿಕಾಲದಲ್ಲಿ ಸೈನ್ಯ ಇಡುವಂತಿಲ್ಲ ಎಂಬ ಕಾನೂನು 1689ರಲ್ಲಿ ಬಂತು. ಐದು ವರ್ಷಗಳ ನಂತರ, ಫ್ರಾನ್ಸಿನೊಡನೆ ನಡೆಯುತ್ತಿದ್ದ ಯುದ್ಧಕ್ಕೆ 12 ಲಕ್ಷ ಪೌಂಡ್ ಸಾಲ ಎತ್ತಲು ಬ್ಯಾಂಕ್ ಆಫ್ ಇಂಗ್ಲೆಂಡ್ ಹುಟ್ಟಿತು.

ಫ್ರಾನ್ಸಿನ ರಾಜರು ಜನರನ್ನು ಕೇಳುವ ಗೋಜಿಗೆ ಹೋಗಲಿಲ್ಲ. 1614ರಲ್ಲಿ ಸೇರಿದ್ದ, ಪಾದ್ರಿಗಳು, ಶ್ರೀಮಂತರು, ಸಾಮಾನ್ಯರು ಎಂಬ ಮೂರು ವರ್ಗಗಳ ಮಹಾಸಭೆ ಮತ್ತೆ ಸೇರಿದ್ದು 1789ರಲ್ಲಿ, ಅದೂ ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಸುರಿದ ಹಣದಿಂದ ಸಾಲ ತಲೆಯ ಮೇಲೆ ಬಂದಾಗ. ಆ ಸಭೆಯಿಂದಲೇ ಕ್ರಾಂತಿ ಹೊರಟಿತು. ಪೋಲೆಂಡಿನ ಕಥೆ ನನ್ನನ್ನು ಇನ್ನೂ ಕಾಡುತ್ತದೆ. ಅಲ್ಲಿ ರಾಜನು ಸಭೆಯನ್ನು ಕೇಳಲೇಬೇಕಿತ್ತು, ಆದರೆ ಒಬ್ಬನೇ ಒಬ್ಬ ಸದಸ್ಯ ‘ಒಪ್ಪೆ’ ಎಂದರೆ ಇಡೀ ಅಧಿವೇಶನ ಮುರಿದುಬೀಳುತ್ತಿತ್ತು. ಸೈನ್ಯಕ್ಕೆ ಹಣ ಹುಟ್ಟಲಿಲ್ಲ. 1772, 1793, 1795ರಲ್ಲಿ ನೆರೆಯ ರಾಜ್ಯಗಳು ದೇಶವನ್ನು ಹರಿದು ಹಂಚಿಕೊಂಡವು. 1918ರವರೆಗೆ ಪೋಲೆಂಡ್ ಸ್ವತಂತ್ರ ದೇಶವಾಗಿ ಭೂಪಟದಲ್ಲಿರಲಿಲ್ಲ.

ಇದನ್ನೆಲ್ಲ ಕೇಳಿ ‘ಯುದ್ಧದಿಂದ ಒಳ್ಳೆಯದೇ ಆಯಿತಲ್ಲ’ ಎಂದು ಮಕ್ಕಳು ಅಂದುಕೊಂಡರೆ ಪಾಠ ಕೆಟ್ಟಂತೆಯೇ. ಅದಕ್ಕಾಗಿ ಜರ್ಮನಿಯ ಮಾಗ್ಡೆಬರ್ಗ್ ನಗರದ ಮೇಲೆ ಒಂದು ಪೂರ್ತಿ ಅವಧಿ ಕಳೆದೆವು. ಮೂವತ್ತು ವರ್ಷಗಳ ಯುದ್ಧದ ನಡುವೆ, 1631ರ ಮೇ ತಿಂಗಳಲ್ಲಿ, ಕೋಟೆ ಬಿದ್ದ ಮೇಲೆ ಲೂಟಿ ಮತ್ತು ಬೆಂಕಿಯಲ್ಲಿ ಅಲ್ಲಿ ಸುಮಾರು 20,000 ಜನ ಸತ್ತರು. ತರಗತಿ ಅಂದು ಬಹಳ ಹೊತ್ತು ಮೌನವಾಗಿತ್ತು.

ಮೊನ್ನೆ ನಾನೇ ಪಾಠ ಮಾಡಿದೆ. ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಮನೆ ಬರೆದು, ಇದು ಫ್ರಾನ್ಸ್ ಮತ್ತು ಜರ್ಮನಿಯ ಗಡಿಯಲ್ಲಿರುವ ಸ್ಟ್ರಾಸ್‌ಬರ್ಗ್‌ನಲ್ಲಿದೆ, ಇಲ್ಲಿ 1869ರಲ್ಲಿ ಒಂದು ಹೆಣ್ಣುಮಗು ಹುಟ್ಟಿತು ಎಂದುಕೊಳ್ಳಿ ಎಂದೆ. ಹುಟ್ಟುವಾಗ ಊರು ಫ್ರಾನ್ಸಿನದು. 1871ರಲ್ಲಿ ಜರ್ಮನಿಯದಾಯಿತು, 1918ರಲ್ಲಿ ಮತ್ತೆ ಫ್ರಾನ್ಸ್, 1940ರಲ್ಲಿ ಜರ್ಮನಿ, 1944ರಲ್ಲಿ ಪುನಃ ಫ್ರಾನ್ಸ್. ಒಬ್ಬ ಹುಡುಗ ಪ್ರತಿ ಸಲವೂ ಮನೆಯ ಮೇಲಿನ ಬಾವುಟ ಅಳಿಸಿ ಬೇರೆ ಬರೆದ. ಕೊನೆಯ ಬಾವುಟದ ಹೊತ್ತಿಗೆ ಆಕೆಗೆ 75 ವರ್ಷ. ಹೊಸ್ತಿಲು ದಾಟದೆ ನಾಲ್ಕು ಸಲ ದೇಶ ಬದಲಾಗಿತ್ತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು, “ಮಿಸ್, ಹಾಗಾದರೆ ಆ ಅಜ್ಜಿ ಶಾಲೆಯಲ್ಲಿ ಯಾವ ಭಾಷೆ ಕಲಿತಳು?” ಜರ್ಮನ್ ಎಂದೆ. ಅವಳ ಮೊಮ್ಮಕ್ಕಳು? ಆ ಉತ್ತರವನ್ನು ಆ ಹುಡುಗಿಯೇ ಲೆಕ್ಕ ಹಾಕಿ ಹೇಳಿದಳು.

ಆ ಗಡಿಯ ಮಣ್ಣಿನವರೇ ಆದ ಫ್ರಾನ್ಸಿನ ವಿದೇಶಾಂಗ ಸಚಿವ ರಾಬರ್ಟ್ ಶೂಮನ್, ಹುಟ್ಟಿನಿಂದ ಜರ್ಮನ್ ಪ್ರಜೆಯಾಗಿದ್ದವರು. ಎರಡೂ ದೇಶಗಳ ಕಲ್ಲಿದ್ದಲು ಮತ್ತು ಉಕ್ಕನ್ನು ಒಂದೇ ಆಡಳಿತದ ಕೆಳಗೆ ತರೋಣ ಎಂದು 1950ರ ಮೇ 9ರಂದು ಅವರು ಸೂಚಿಸಿದರು. ಫಿರಂಗಿ ಮಾಡುವ ಸಾಮಗ್ರಿ ಇಬ್ಬರ ಕೈಯಲ್ಲೂ ಇದ್ದರೆ ಒಬ್ಬರು ಗುಟ್ಟಾಗಿ ಯುದ್ಧ ಸಿದ್ಧತೆ ಮಾಡುವಂತಿಲ್ಲ. ಮರುವರ್ಷ ಆರು ದೇಶಗಳು ಸಹಿ ಹಾಕಿದವು. ಇಂದಿನ ಯುರೋಪಿಯನ್ ಒಕ್ಕೂಟದ ಬೇರು ಅಲ್ಲಿದೆ. ಅದರ ಸಂಸತ್ತು ಸೇರುವುದು ಅದೇ ಸ್ಟ್ರಾಸ್‌ಬರ್ಗ್‌ನಲ್ಲಿ.

‘ಎಲ್ಲೋ ಯುರೋಪಿನಲ್ಲಿ’ ಎಂಬ ಮಾತಿಗೂ ಒಂದು ಉತ್ತರವಿದೆ. 1783ರಲ್ಲಿ ಟಿಪ್ಪು ಸುಲ್ತಾನ್ ಬ್ರಿಟಿಷರ ಕೈಯಲ್ಲಿದ್ದ ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದ್ದಾಗ ಫ್ರೆಂಚ್ ತುಕಡಿ ಅವನ ಜೊತೆಗಿತ್ತು. ಬ್ರಿಟನ್ ಮತ್ತು ಫ್ರಾನ್ಸ್ ನಡುವೆ ಯುರೋಪಿನಲ್ಲಿ ಶಾಂತಿಯಾಗಿದೆ ಎಂಬ ಸುದ್ದಿ ತಲುಪಿದ ಕೂಡಲೇ ಫ್ರೆಂಚರು ಕದನದಿಂದ ಹಿಂದೆ ಸರಿದರು. ನಮ್ಮ ಕರಾವಳಿಯ ಕೋಟೆಯ ಮುಂದೆ ಯಾರು ನಿಲ್ಲಬೇಕು, ಯಾರು ಸರಿಯಬೇಕು ಎಂಬುದು ಅಷ್ಟು ದೂರದಲ್ಲಿ ತೀರ್ಮಾನವಾಗಿತ್ತು.

ಈ ಬಾರಿಯ ಕಿರುಪರೀಕ್ಷೆಯಲ್ಲಿ ಇಸವಿಗೆ ಒಂದು ಅಂಕ, ಕಾರಣಕ್ಕೆ ಮೂರು. ದಯವಿಟ್ಟು ಮನೆಯಲ್ಲಿ ಅದೇ ರೀತಿ ಓದಿಸಿ. ಬರುವ ಶನಿವಾರ ಬೆಳಿಗ್ಗೆ 10 ಗಂಟೆಗೆ ಮಕ್ಕಳು ತಾವೇ ಬರೆದ ಭೂಪಟಗಳನ್ನು ಸಭಾಂಗಣದಲ್ಲಿ ಪ್ರದರ್ಶಿಸುತ್ತಾರೆ. ನಿಮ್ಮ ಮನೆಯಲ್ಲಿ ಸೈನ್ಯದಲ್ಲಿದ್ದು ಬಂದ ಹಿರಿಯರಿದ್ದರೆ ಅವರನ್ನೂ ಕರೆತನ್ನಿ. ಮಕ್ಕಳು ಅವರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಈಗಾಗಲೇ ಬರೆದಿಟ್ಟುಕೊಂಡಿದ್ದಾರೆ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ