ಒಂದು ಎಫ್‌ಐಆರ್‌ಗೆ ನಿಮ್ಮ ಫೋನ್ ಯಾಕೆ ಬೇಕಿತ್ತು, ಶಾಸಕರೇ?

ಮಾನ್ಯ ಶಾಸಕರಿಗೆ,

ನಮಸ್ಕಾರ. ಹೋದ ತಿಂಗಳು ನಿಮ್ಮ ಆಪ್ತ ಸಹಾಯಕರು ನಮ್ಮ ಭಾಗದ ಪೊಲೀಸ್ ಠಾಣೆಗೆ ಫೋನ್ ಮಾಡಿದರು. ಅರ್ಧ ಗಂಟೆಯಲ್ಲಿ ನನ್ನ ತಮ್ಮನ ಅಪಘಾತದ ಎಫ್‌ಐಆರ್ ದಾಖಲಾಯಿತು. ಅಲ್ಲಿಯವರೆಗೆ ನಿಲ್ಲಿಸಿಯೇ ಮಾತಾಡಿಸುತ್ತಿದ್ದವರು ನನಗೆ ಕುರ್ಚಿ ಹಾಕಿದರು, ಟೀ ತರಿಸಿದರು. ಊರಿನವರು 'ಎಮ್ಮೆಲ್ಲೆ ಸಾಹೇಬ್ರಿಗೆ ಒಂದು ಹಾರ ಹಾಕಿ ಬಾರಮ್ಮ' ಅಂದರು. ನಾನು ಬರಲಿಲ್ಲ. ಈ ಪತ್ರ ಬರೆಯುತ್ತಿದ್ದೇನೆ.

ಆ ಎಫ್‌ಐಆರ್ ನಿಮ್ಮ ಫೋನ್ ಇಲ್ಲದೆ, ಮೊದಲ ದಿನವೇ ಆಗಬೇಕಿತ್ತು. ಯಾಕೆ ಆಗಲಿಲ್ಲ? ಅದಕ್ಕೆ ಉತ್ತರ ಕೊಡಿಸಿ.

ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಮೇನ್ ರೋಡಿಗೆ 2023ರ ಆಗಸ್ಟ್‌ನಿಂದ ಬೈಕು, ಆಟೋ, ಟ್ರ್ಯಾಕ್ಟರ್ ಹತ್ತುವಂತಿಲ್ಲ. ನಮ್ಮಂಥವರಿಗೆಲ್ಲ ಸರ್ವಿಸ್ ರೋಡೇ ಗತಿ. ನನ್ನ ತಮ್ಮ ಸಂಜೆ ಡೇರಿಗೆ ಹಾಲು ಹಾಕಿ, ಬೂಸಾ ಮೂಟೆ ಇಟ್ಟುಕೊಂಡು ತನ್ನ ಎಕ್ಸೆಲ್ ಗಾಡಿಯಲ್ಲಿ ಬರುತ್ತಿದ್ದ. ಹಿಂದಿನಿಂದ ಒಂದು ಗೂಡ್ಸ್ ಟೆಂಪೊ ಗುದ್ದಿತು. ನಿಲ್ಲಿಸಲೇ ಇಲ್ಲ. ಎಳನೀರು ಮಾರುವ ಹುಡುಗ ಓಡಿ ಬಂದು ಆಂಬುಲೆನ್ಸ್ ಕರೆಸಿದ. ತೊಡೆ ಮೂಳೆ ಎರಡು ಕಡೆ ಮುರಿದಿತ್ತು. ಆಪರೇಷನ್ ಮಾಡಿ ರಾಡ್ ಹಾಕಿದ್ದಾರೆ. ಇವತ್ತಿಗೂ ಅವನು ಕೋಲು ಹಿಡಿದೇ ನಡೆಯುವುದು.

ಅವನನ್ನು ವಾರ್ಡಿನಲ್ಲಿ ಬಿಟ್ಟು ನಾನು ಠಾಣೆಗೆ ಹೋದೆ. ಅಪಘಾತದ ಕೇಸು ಬಂದರೆ ಆಸ್ಪತ್ರೆಯವರು ಪೊಲೀಸರಿಗೆ ಕೊಡುವ ಎಂಎಲ್‌ಸಿ ಮಾಹಿತಿ ಆಗಲೇ ಹೋಗಿತ್ತು. ಆದರೂ 'ಆ ಜಾಗ ನಮ್ಮ ಲಿಮಿಟ್ಸ್ ಅಲ್ಲ' ಅಂದರು. ಪಕ್ಕದ ಠಾಣೆಗೆ ಹೋದೆ. 'ಮೋರಿಯಿಂದ ಈಚೆ ಆಗಿದ್ದರೆ ನಮ್ಮದು, ಆಚೆ ಆಗಿದ್ದರೆ ಅವರದು' ಅಂದರು. ತಮ್ಮ ಬಿದ್ದಿದ್ದು ಮೋರಿ ಹತ್ತಿರವೇ. ವಾರಗಟ್ಟಲೆ ಈ ಎರಡು ಠಾಣೆಗಳ ನಡುವೆ ಓಡಾಡಿದೆ. ಸಾಹೇಬರು ಬಂದೋಬಸ್ತಿಗೆ ಹೋಗಿದ್ದಾರೆ, ರೈಟರ್ ರಜೆ, ಗಾಡಿ ನಂಬರ್ ತನ್ನಿ ಆಮೇಲೆ ನೋಡೋಣ. ಗುದ್ದಿ ಓಡಿಹೋದ ಗಾಡಿಯ ನಂಬರನ್ನು ನಾನು ಎಲ್ಲಿಂದ ತರಲಿ? ಅದನ್ನು ಹುಡುಕುವುದು ಯಾರ ಕೆಲಸ? 'ಮನೇಲಿ ಗಂಡಸರು ಯಾರೂ ಇಲ್ವಾ, ಅವರನ್ನ ಕಳಿಸಿ' ಅಂತಲೂ ಒಬ್ಬರು ಹೇಳಿದರು. ಇದ್ದೊಬ್ಬ ಗಂಡಸು ಆಸ್ಪತ್ರೆಯಲ್ಲಿ ಮಲಗಿದ್ದ, ಸ್ವಾಮಿ.

ಇದನ್ನೆಲ್ಲ ಸಹಿಸಿಕೊಂಡೆ. ಆದರೆ ಒಂದು ದಿನ ನಡೆದಿದ್ದನ್ನು ಮಾತ್ರ ಮರೆಯಲು ಆಗುತ್ತಿಲ್ಲ. ಅಲ್ಲಿದ್ದ ಅಧಿಕಾರಿ ನನ್ನ ದೂರನ್ನು ಪೂರ್ತಿ ಓದಿದರು. ಮಡಚಿ ವಾಪಸ್ ಕೊಟ್ಟರು. ಒಂದು ಬಿಳಿ ಹಾಳೆ ಮುಂದೆ ಇಟ್ಟು, 'ತಾನೇ ಸ್ಕಿಡ್ ಆಗಿ ಬಿದ್ದ ಅಂತ ಬರೆದುಕೊಡಮ್ಮ, ಇವತ್ತೇ ಮುಗಿಸಿಕೊಡ್ತೀವಿ, ಅಲೆದಾಟ ತಪ್ಪುತ್ತೆ' ಅಂದರು. ಪೆನ್ನನ್ನೂ ಅವರೇ ಕೊಟ್ಟರು. ನಾನು ಬರೆಯಲಿಲ್ಲ. 'ಹಾಗಾದ್ರೆ ದೂರು ತಗೊಳ್ಳಲ್ಲ ಅಂತ ಹಿಂಬರಹ ಕೊಡಿ' ಅಂದೆ. 'ಇವಳು ನಮಗೇ ಕಾನೂನು ಹೇಳೋಕೆ ಬಂದಿದಾಳೆ' ಅಂತ ಅಲ್ಲಿದ್ದವರೆಲ್ಲ ನಕ್ಕರು. ಒಬ್ಬರೂ ಆ ಅಧಿಕಾರಿಗೆ ತಪ್ಪು ಅನ್ನಲಿಲ್ಲ.

ತಾನೇ ಬಿದ್ದ ಅಂತ ಬರೆದುಕೊಟ್ಟರೆ ಏನಾಗುತ್ತೆ ಅಂತ ನಿಮಗೆ ಗೊತ್ತು. ಗುದ್ದಿದವನ ಮೇಲೆ ಕೇಸೇ ಇಲ್ಲ. ಪರಿಹಾರವೂ ಇಲ್ಲ. ಗಾಡಿ ಸಿಗದೇ ಹೋದರೆ 2022ರ ಕೇಂದ್ರ ಯೋಜನೆಯಲ್ಲಿ ತೀವ್ರ ಗಾಯಕ್ಕೆ ಸಿಗುವ 50,000 ರೂಪಾಯಿಯೂ ಇಲ್ಲ. ಒಂದು ಸಾಲು ಬರೆಸಿಕೊಂಡು ಒಂದು ಮನೆಯನ್ನೇ ಮುಗಿಸುವ ಮಾತು ಅದು.

ಆ ದಾರಿಯಲ್ಲಿ ಒಂದು ಪೆಟ್ರೋಲ್ ಬಂಕ್ ಇದೆ. ಅದರ ಕ್ಯಾಮೆರಾ ರಸ್ತೆ ಕಡೆಗೇ ಇದೆ. ಬಂಕಿನವರು ಒಳ್ಳೆಯವರು. 'ಪೊಲೀಸರ ಲೆಟರ್ ತನ್ನಿ ಅಕ್ಕ, ಕೊಡ್ತೀವಿ. ಬೇಗ ತನ್ನಿ, ಹಳೇದು ಅಳಿಸಿ ಹೋಗುತ್ತೆ' ಅಂದಿದ್ದರು. ಎರಡೂ ಠಾಣೆಯಲ್ಲಿ ಇದನ್ನು ಹೇಳಿದೆ, ಬೇಡಿಕೊಂಡೆ. ಯಾರೂ ಕದಲಲಿಲ್ಲ. ನಿಮ್ಮ ಫೋನ್ ಬಂದು, ಎಫ್‌ಐಆರ್ ಆಗಿ, ಪೇದೆಯೊಬ್ಬರು ಬಂಕಿಗೆ ಹೋಗುವ ಹೊತ್ತಿಗೆ ಆ ದಿನದ್ದು ಅಳಿಸಿ ಹೋಗಿತ್ತು. ಈಗ ಟೆಂಪೊ ಯಾವುದು ಅಂತ ಹೇಳೋರು ಯಾರು? ನಾಳೆ ಗಾಡಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಇನ್ಶೂರೆನ್ಸ್ ವಕೀಲರು ಮೊದಲು ಕೇಳುವುದೇ 'ದೂರು ಇಷ್ಟು ತಡ ಯಾಕೆ' ಅಂತ. ತಡ ಮಾಡಿದ್ದು ನಾವಲ್ಲ. ಅದು ನಮ್ಮ ತಲೆಗೇ ಬರುತ್ತದೆ.

ಮನೆ ಸ್ಥಿತಿಯನ್ನೂ ಹೇಳುತ್ತೇನೆ. ಮೂರು ಹಸುವಿನಲ್ಲಿ ಒಂದನ್ನು ಆಪರೇಷನ್ ಖರ್ಚಿಗೆ ಮಾರಿದೆವು. ಕಬ್ಬಿಗೆ ಹೊತ್ತಿಗೆ ಸರಿಯಾಗಿ ನೀರು ಕಟ್ಟಲು ಆಗಲಿಲ್ಲ. ಸ್ತ್ರೀಶಕ್ತಿ ಸಂಘದ ಸಾಲದ ಕಂತನ್ನು ಬೇರೆಯವರ ಹತ್ತಿರ ಕೈಸಾಲ ಮಾಡಿ ಕಟ್ಟಿದ್ದೇನೆ. ನಾದಿನಿ ಬೆಳಗ್ಗೆ ಹಾಲು ಕರೆದು ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ತಮ್ಮನ ಮಗಳು ಎಸ್ಸೆಸ್ಸೆಲ್ಸಿ, ಟ್ಯೂಷನ್ ಬಿಟ್ಟಳು. ಠಾಣೆಗೆ ಹೋದ ದಿನವೆಲ್ಲ ನನ್ನ ಕೂಲಿ ಹೋಯಿತು.

ಕಾನೂನು ನಿಮಗೆ ನಾನು ಹೇಳಬೇಕಾಗಿಲ್ಲ. ಸದನದಲ್ಲಿ ಕೂರುವವರು ನೀವು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಅಪರಾಧ ಯಾವ ಠಾಣೆಯ ಲಿಮಿಟ್ಸಲ್ಲೇ ನಡೆದಿರಲಿ, ದೂರು ತೆಗೆದುಕೊಳ್ಳಬೇಕು. ಅದನ್ನೇ ಝೀರೋ ಎಫ್‌ಐಆರ್ ಅನ್ನುವುದು. ಅದರ ಪ್ರತಿಯನ್ನು ದೂರುದಾರರಿಗೆ ಪುಕ್ಕಟೆ ಕೊಡಬೇಕು. ಅಪಘಾತದ ಮಾಹಿತಿ ವರದಿಯನ್ನು ಪೊಲೀಸರೇ ಮೂರು ತಿಂಗಳೊಳಗೆ ಅಪಘಾತ ಪರಿಹಾರದ ಟ್ರಿಬ್ಯೂನಲ್‌ಗೆ ಕೊಡಬೇಕು ಅಂತ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಮೋರಿಯ ಆಚೆ, ಈಚೆ ಅನ್ನುವ ಮಾತು ಯಾವ ಕಾನೂನಿನಲ್ಲೂ ಇಲ್ಲ.

ಸುಪ್ರೀಂ ಕೋರ್ಟ್ 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಇದನ್ನು ಹೇಳಿದೆ. ಮಗಳು ಅಪಹರಣವಾಗಿದ್ದಾಳೆ ಅಂತ ದೂರು ಹಿಡಿದು ಅಲೆದ ತಂದೆಯ ಕೇಸು ಅದು. ಐದು ಜನ ನ್ಯಾಯಮೂರ್ತಿಗಳ ಪೀಠ ಎಫ್‌ಐಆರ್ ಹಾಕುವುದು ಕಡ್ಡಾಯ ಅಂದಿತು. ಹಾಕದ ಅಧಿಕಾರಿ ಮೇಲೆ ಕ್ರಮ ಆಗಬೇಕು ಅಂತಲೂ ಹೇಳಿತು. ಮೊದಲರ್ಧ ಎಲ್ಲರಿಗೂ ನೆನಪಿದೆ. ಎರಡನೇ ಅರ್ಧ ಯಾರಿಗೂ ಬೇಡವಾಗಿದೆ. ನನಗೆ ಬೇಕಿರುವುದು ಆ ಎರಡನೇ ಅರ್ಧ. ಹಾಳೆ, ಪೆನ್ನು ಮುಂದಿಟ್ಟು ಸುಳ್ಳು ಬರೆಸಲು ನೋಡಿದ ಅಧಿಕಾರಿ ಮೇಲೆ ಕ್ರಮ ಬೇಕು.

'ಸಾಕ್ಷಿ ಏನಿದೆ' ಅಂತ ಕೇಳುತ್ತಾರೆ, ಗೊತ್ತು. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕು, ಮಾತೂ ರೆಕಾರ್ಡ್ ಆಗಬೇಕು, ಅದನ್ನು 18 ತಿಂಗಳು ಇಡಬೇಕು ಅಂತ ಆದೇಶ ಮಾಡಿದೆ. ಹಾಗಿದ್ದರೆ ನನ್ನ ಮುಂದೆ ಹಾಳೆ ಇಟ್ಟಿದ್ದು, ನಕ್ಕಿದ್ದು ಎಲ್ಲವೂ ಅದರಲ್ಲಿ ಇರಬೇಕು ಅಲ್ವಾ? ಬಂಕಿನದು ಹೋದ ಹಾಗೆ ಇದೂ ಹೋಗುವ ಮೊದಲು ತೆಗೆದು ಇಡಿಸಿ. ಇದು ಇವತ್ತೇ ಆಗಬೇಕಾದ ಕೆಲಸ.

ನಮ್ಮ ಜಿಲ್ಲೆಯಲ್ಲಿ ಕ್ರಮ ಆಗುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ಹೆಲ್ಮೆಟ್ ತಪಾಸಣೆಗೆ ಬೈಕ್ ತಡೆದಾಗ, ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಪುಟ್ಟ ಮಗು ಬಿದ್ದು ತೀರಿಕೊಂಡಿತು. ಜನ ರಸ್ತೆಗೆ ಇಳಿದರು. ಮೂವರು ಎಎಸ್‌ಐಗಳ ಅಮಾನತಾಯಿತು. ಅಂದರೆ ಮಾಡಬೇಕು ಅಂತ ಮನಸ್ಸಿದ್ದರೆ ಅದೇ ದಿನ ಆಗುತ್ತದೆ. ಅದಕ್ಕೆ ಒಂದು ಮಗು ಸಾಯಬೇಕಾ? ಕಾಲು ಮುರಿದವನ ಅಕ್ಕ ಬಂದು ಕೇಳಿದರೆ ಸಾಲದಾ?

ನಿಮ್ಮನ್ನೂ ಒಂದು ಮಾತು ಕೇಳಬೇಕು. ಬೇಸರ ಮಾಡಿಕೊಳ್ಳಬೇಡಿ. ಯಾವ ಠಾಣೆಗೆ ಯಾರು ಬರಬೇಕು ಅನ್ನುವುದರಲ್ಲಿ ಶಾಸಕರ ಶಿಫಾರಸು ಪತ್ರ ನಡೆಯುತ್ತದೆ ಅಂತ ಊರೂರಲ್ಲೂ ಮಾತಿದೆ. ವರ್ಗಾವಣೆಯಲ್ಲಿ ರಾಜಕೀಯ ಇರಬಾರದು, ಅದನ್ನು ಪೊಲೀಸ್ ಮಂಡಳಿಯೇ ನೋಡಿಕೊಳ್ಳಬೇಕು ಅಂತ 2006ರಲ್ಲೇ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಪತ್ರ ಕೊಟ್ಟವರಿಗೆ ಉತ್ತರ ಕೊಟ್ಟರೆ ಸಾಕು ಅಂತ ಅಧಿಕಾರಿಗೆ ಅನಿಸಿದರೆ, ಠಾಣೆ ಬಾಗಿಲಲ್ಲಿ ನಿಂತವರಿಗೆ ಉತ್ತರ ಕೊಡುವವರು ಯಾರು? ನಿಮ್ಮ ಫೋನಿಗೆ ಅಷ್ಟು ಬೇಗ ಎದ್ದು ನಿಂತರಲ್ಲ, ಅದು ನಿಮ್ಮ ಮೇಲಿನ ಗೌರವ ಅಂತ ದಯವಿಟ್ಟು ತಿಳಿಯಬೇಡಿ. ನಮ್ಮ ಪಾಲಿಗೆ ಅದು ಅನ್ಯಾಯ. ನಿಮ್ಮ ಪಕ್ಷದವರು ಯಾರೂ ಗೊತ್ತಿಲ್ಲದ ಮನೆಯಲ್ಲಿ ಇಂಥದ್ದು ಆದರೆ ಅವರು ಯಾರಿಂದ ಫೋನ್ ಮಾಡಿಸಬೇಕು?

ಸದನದಲ್ಲಿ ಪ್ರಶ್ನೆ ಕೇಳುವ ಹಕ್ಕು ನಿಮಗಿದೆ. ಈ ಜಿಲ್ಲೆಯಲ್ಲಿ ದೂರು ತೆಗೆದುಕೊಳ್ಳದ ಎಷ್ಟು ಅಧಿಕಾರಿಗಳ ಮೇಲೆ ಕ್ರಮ ಆಗಿದೆ ಅಂತ ಕೇಳಿ. ಪೊಲೀಸರ ಮೇಲಿನ ದೂರಿಗೆ ಅಂತಲೇ ಪ್ರಾಧಿಕಾರ ಮಾಡಲು ರಾಜ್ಯದ ಪೊಲೀಸ್ ಕಾಯ್ದೆಯಲ್ಲಿ ಜಾಗ ಇದೆ. ಅದರ ವಿಳಾಸ, ಫೋನ್ ನಂಬರ್ ಪ್ರತಿ ಠಾಣೆಯ ಗೋಡೆ ಮೇಲೆ ಕನ್ನಡದಲ್ಲಿ ಬರೆಸಿ. ನಾನು ಹೋದ ಎರಡೂ ಕಡೆ ನನಗೆ ಕಾಣಲಿಲ್ಲ.

ನಮ್ಮ ಮನೆ ವಿಚಾರಕ್ಕೆ ಬಂದರೆ, ಆ ಟೆಂಪೊ ಹುಡುಕಿಸಿ. ಠಾಣೆಯ ಸಿಸಿಟಿವಿ ತೆಗೆಸಿ. ತಡ ಆಗಿದ್ದು ಠಾಣೆಯಿಂದ ಅಂತ ಕೇಸಿನ ಕಡತದಲ್ಲಿ ಬರೆಸಿ. ಹಾಳೆ ಕೊಟ್ಟ ಅಧಿಕಾರಿ ಮೇಲೆ ಇಲಾಖಾ ವಿಚಾರಣೆ ಮಾಡಿಸಿ. ಮತ್ತೆ ಹೇಳುತ್ತೇನೆ, ಎಫ್‌ಐಆರ್ ಆಯಿತಲ್ಲ, ಇನ್ನೇನು ಅಂತ ಬಿಡಬೇಡಿ. ಹಾಕದೇ ಇದ್ದವರ ಮೇಲೆ ಕ್ರಮ ಬೇಕು.

ವಾಪಸ್ ಕೊಟ್ಟ ಮೊದಲ ದೂರು, ಆಸ್ಪತ್ರೆ ಚೀಟಿಗಳು ನನ್ನ ಹತ್ತಿರ ಇವೆ. ನಿಮ್ಮ ಕಚೇರಿಗೂ ಒಂದು ಸೆಟ್ ಕೊಟ್ಟು ಸೀಲು ಹಾಕಿಸಿಕೊಂಡಿದ್ದೇನೆ. ನಿಮ್ಮ ಉತ್ತರವನ್ನು ಬರವಣಿಗೆಯಲ್ಲಿ ಕೊಡಿ. ದಯವಿಟ್ಟು ಫೋನ್ ಮಾಡಿಸಬೇಡಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು,
ಮಂಡ್ಯ ಜಿಲ್ಲೆ